ಅಳಿಯನ ಚಾಡಿಕೋರ

ಬೆಳಗ್ಗೆ ಹೊಳೆ ಮನೆಯೊಳಗೆ ಬರುವಷ್ಟರಲ್ಲಿ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿರಬೇಕು, ಅಕ್ಕಿಮೂಟೆ ಮಂಚದ ಮೇಲಿರಬೇಕು, ಚಪ್ಪಲಿಗಳು ಗೂಡು ಸೇರಿರಬೇಕು. ಇಷ್ಟು ಮಾಡಿಕೊಂಡರೆ ನಮ್ಮೂರಲ್ಲಿ ಬಾಳುವುದು ಏನೂ ಕಷ್ಟವಲ್ಲ. ಹೊಳೆ ಮುಂಬಾಗಿಲಿನಿಂದ ಬರುತ್ತದೆ, ನಡುಮನೆ ದಾಟಿ ಅಡುಗೆಮನೆಗೆ ಹೋಗಿ ಹಂಡೆ, ಕೊಡ, ಬಿಂದಿಗೆ ಎಲ್ಲ ತುಂಬುತ್ತದೆ, ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗುತ್ತದೆ. ಮೀನು ತಿನ್ನುವವರ ಮನೆಯಲ್ಲಿ ಒಂದೆರಡು ಮೀನು ಬಿಟ್ಟುಹೋಗುತ್ತದೆ, ನಮ್ಮಂಥ ತಿನ್ನದವರ ಮನೆಯಲ್ಲಿ ಬಿಡುವುದಿಲ್ಲ. ಅಷ್ಟು ಮರ್ಯಾದೆ ಅದಕ್ಕಿದೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಮೊದಲ ದಿನ ಮಂಚ ಹತ್ತಿ ಕೂತು ಊರೆಲ್ಲ ಕೇಳುವ ಹಾಗೆ ಕಿರುಚಿದ್ದೆ. ನಮ್ಮತ್ತೆ ಒಲೆಯ ಮುಂದಿನಿಂದಲೇ, "ಮೆಲ್ಲಗೆ ಕಣಮ್ಮ, ಹೊಳೆ ಬೇಜಾರು ಮಾಡ್ಕೊಳ್ತದೆ" ಅಂದಿದ್ದರು.

ಹೊಳೆಗೆ ದಾರಿ ಹೇಳುವುದು ಕೋಡ್. ಊರಿನ ಅಷ್ಟೂ ಮನೆಯ ಕೋಡ್ ಚಾವಡಿಯ ಕಂಪ್ಯೂಟರಿನಲ್ಲಿ ಒಂದೇ ಕಡೆ ಸೇರಿಕೊಂಡಿದೆ. ಆದರೆ ಯಾರ ಮನೆಯ ಭಾಗ ಅವರದು. ಯಾವ ಬಾಗಿಲಿನಿಂದ ಬರಬೇಕು, ಎಷ್ಟು ಕೊಡ ತುಂಬಬೇಕು, ಮಗು ಮಲಗಿದ್ದರೆ ಹೇಗೆ ಸದ್ದಿಲ್ಲದೆ ಹೋಗಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ಹೊಸ ಒಲೆ ಹೂಡುವವರಲ್ಲಿ ಹೊರಗಿನಿಂದ ಬಂದವರು ಯಾರೋ ಅವರೇ ಬರೆಯಬೇಕು. ಹೊಳೆಗೆ ಅವರ ಗುರುತಾಗಬೇಕಲ್ಲ. ಅಂದರೆ ಸೊಸೆಯರು. ಹೊಸ ಸೊಸೆ ಬರೆಯುತ್ತಾಳೆ, ಅತ್ತೆ ಪಕ್ಕದಲ್ಲಿ ಕೂತು ಅವರೆಕಾಳು ಸುಲಿಯುತ್ತಾ "ಹಂಗಲ್ಲ, ಅಳಿಸು" ಎನ್ನುತ್ತಾಳೆ. ಹೇಗೆ ಎಂದು ಹೇಳುವುದಿಲ್ಲ. ಅಳಿಸಿ ಅಳಿಸಿ ಒಂದು ದಿನ ಸರಿಹೋಗುತ್ತದೆ. ಹಾಗೆಯೇ ಕಲಿತವಳು ನಾನೂ, ನನ್ನತ್ತೆಯೂ. ಹೊಳೆ ಬಾರದ ಮನೆಯಲ್ಲಿ ಮಾತ್ರ ಒಲೆ ಹಚ್ಚುವಂತಿಲ್ಲ. ಅದೊಂದು ಕಟ್ಟುನಿಟ್ಟು.

ನಮಗೆ ಒಬ್ಬಳೇ ಮಗಳು, ಹೊಂಬಾಳೆ. ಅವಳು ದೂರದ ಊರಿಗೆ ಓದಲು ಹೋಗಿ ಬರುವಾಗ ಗಂಡನನ್ನೂ ಹುಡುಕಿಕೊಂಡು ಬಂದಳು. ಹುಡುಗನ ಹೆಸರು ಶಂಭುಲಿಂಗ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಂತೆ, ಸೋದರಮಾವ ಸಾಕಿದ್ದರಂತೆ. "ನಾನು ನಿಮ್ಮೂರಲ್ಲೇ ಇರ್ತೀನಿ" ಎಂದು ಅವನೇ ಬಾಯಿಬಿಟ್ಟು ಹೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮೂರಿಗೆ ಎಲ್ಲ ಕಡೆಯಿಂದ ಸೊಸೆಯರು ಬಂದಿದ್ದಾರೆ. ಬಂದು ನೆಲೆ ನಿಲ್ಲುವ ಅಳಿಯ ಅಂತ ಬಂದವನು ಇವನೇ ಮೊದಲು. ಮದುವೆ ಮಾಡಿದೆವು. ನಮ್ಮ ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆವು. ಸುಣ್ಣ ಬಳಿದಾಯಿತು, ಹೊಸ್ತಿಲಿಗೆ ಅರಿಸಿನ ಹಚ್ಚಿದ್ದಾಯಿತು. ಇನ್ನು ಹೊಳೆ ಬರುವುದೊಂದೇ ಬಾಕಿ.

ಶಂಭು ಕೋಡ್ ಬರೆಯುವುದರಲ್ಲಿ ಗಟ್ಟಿಗ. ಒಂದೇ ಮಧ್ಯಾಹ್ನ ಕೂತು, ಚಿಕ್ಕದಾಗಿ, ಚೊಕ್ಕಟವಾಗಿ ಬರೆದು ಚಾವಡಿಗೆ ಕೊಟ್ಟ. ಮಾರನೆಯ ದಿನ ನಾವೆಲ್ಲ ಹೊಸ ಮನೆಯ ಮುಂದೆ ಆರತಿ ಹಿಡಿದು ನಿಂತಿದ್ದೆವು. ಹೊಳೆ ಬೀದಿಯಲ್ಲಿ ಬಂತು, ಹೊಸ್ತಿಲ ತನಕ ಬಂತು, ಒಂದು ಗಳಿಗೆ ನಿಂತಿತು, ಆಮೇಲೆ ಗೋಡೆ ಬಳಸಿಕೊಂಡು ಆಚೆ ಹೊರಟುಹೋಯಿತು. ಹೊಂಬಾಳೆಯ ಕಾಲ ಕಿರುಬೆರಳು ಸಹ ನೆನೆಯಲಿಲ್ಲ.

"ಅತ್ತೆ, ಎಲ್ಲಿ ತಪ್ಪಾಯ್ತು?" ಎಂದು ಶಂಭು ನನ್ನನ್ನು ಕೇಳಿದ.

ನಾನು ಕನ್ನಡಕ ಹಾಕಿಕೊಂಡು ಅವನ ಕೋಡ್ ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. "ಹಂಗಲ್ಲ ಅಳಿಯಂದ್ರೇ ಅದು."

"ಮತ್ತೆ ಹೆಂಗೆ?"

"ನೋಡಿದ್ರೇ ಗೊತ್ತಾಗಲ್ವಾ? ನಮ್ಮೂರ ಥರ ಇಲ್ಲ."

"ನಿಮ್ಮೂರ ಥರ ಅಂದ್ರೆ ಏನು ಅತ್ತೆ?"

ಏನೆಂದು ಹೇಳಲಿ? ಸಾರಿಗೆ ಉಪ್ಪು ಎಷ್ಟು ಎಂದರೆ ಹಿಡಿಸುವಷ್ಟು ಎನ್ನಬಹುದು, ಅಷ್ಟೇ. ಅವನು ಪಕ್ಕದ ಮನೆಯ ಸಿದ್ದಮಲ್ಲಮ್ಮನನ್ನು ಕೇಳಿದ. ಅವಳು, "ನಿಮ್ಮತ್ತೆ ಹೇಳಿದ್ದು ಸರಿ, ಹಂಗಲ್ಲ ಅದು" ಅಂದಳು. ನಾನು ಹೇಳಿದ್ದನ್ನು ಅವಳು ಸರಿ ಎಂದದ್ದು ಬಹುಶಃ ಅದೇ ಮೊದಲು. ಚಾವಡಿ ನೋಡಿಕೊಳ್ಳುವ ರಾಚಪ್ಪನನ್ನು ಕೇಳಿದರೆ ಆತ ಬೇರೆಯೇ ಏನೋ ಹೇಳಿದ. ಹತ್ತು ಜನ, ಹನ್ನೊಂದು ಮಾತು. ಬರೆದಿಟ್ಟ ನಿಯಮ ಅಂತ ಊರಲ್ಲಿ ಒಂದು ಸಾಲೂ ಇರಲಿಲ್ಲ. ಶಂಭು ತಲೆಯ ಮೇಲೆ ಕೈ ಹೊತ್ತು ಕೂತ.

ಅತ್ತೆಯ ಮನೆಯಲ್ಲಿ ಎಷ್ಟು ದಿನ ಅಂತ ಉಣ್ಣುತ್ತಾನೆ, ಮಾನಸ್ಥ ಹುಡುಗ. ಒಂದು ದಿನ ಹೊಂಬಾಳೆ ಸೊಪ್ಪು ಸೋಸುತ್ತಾ ತಲೆ ಎತ್ತದೆ ಹೇಳಿದಳು: "ಅವ್ವ, ದೀಪಾವಳಿ ತನಕ ನೋಡ್ತೀವಿ. ಅಷ್ಟೊತ್ತಿಗೂ ಹೊಳೆ ಬರದಿದ್ರೆ ಅವರ ಮಾವನ ಊರಿಗೆ ಹೊರಟುಬಿಡ್ತೀವಿ. ಅಲ್ಲಿ ಮನೆ ಇದೆಯಂತೆ." ಅದು ಎರಡು ದಿನದ ಹಾದಿ. ಹೋದರೆ ವರ್ಷಕ್ಕೊಮ್ಮೆ ಬಂದಾರು. ನಾನು ಸೊಪ್ಪನ್ನೆಲ್ಲ ಕಡ್ಡಿಯ ಸಮೇತ ಪಾತ್ರೆಗೆ ಹಾಕಿದ್ದು ಆಮೇಲೆ ಗೊತ್ತಾಯಿತು. ಮಾರನೆಯ ದಿನ ನಡುಮನೆಯ ಮಂಚದ ಮೇಲೆ ಅವಳ ಟ್ರಂಕು ಕಂಡಿತು, ಅರ್ಧ ತುಂಬಿತ್ತು.

ಆಗ ಶಂಭು ಶುರುಮಾಡಿದ್ದು ಆ ಹೊಸ ಕೆಲಸ. "ಯಾರಿಗೂ ಹೇಳೋಕೆ ಬರಲ್ಲ, ಆದ್ರೆ ಎಲ್ಲರಿಗೂ ಮಾಡೋಕೆ ಬರತ್ತೆ. ಅಂದ್ಮೇಲೆ ಮಾಡಿರೋದ್ರಲ್ಲೇ ನಿಯಮ ಇರ್ಬೇಕಲ್ವಾ ಅತ್ತೆ?" ಅಂದ. ಊರಿನ ಅಷ್ಟೂ ಕೋಡನ್ನು ತಾನಾಗಿಯೇ ಓದುವ ಒಂದು ಪ್ರೋಗ್ರಾಂ ಬರೆದ. ಎಲ್ಲರೂ ಒಂದೇ ರೀತಿ ಮಾಡಿರುವುದು ಏನು ಎಂದು ಅದೇ ಕಂಡುಹಿಡಿಯಬೇಕು, ಕಂಡದ್ದನ್ನು ನಾಲ್ಕು ಜನ ಓದುವ ಹಾಗೆ ನಿಯಮವಾಗಿ ಬರೆದಿಡಬೇಕು. ನಾಳೆ ಇನ್ನೊಬ್ಬರು ಹೊಸದಾಗಿ ಬರೆದರೆ ಅದನ್ನೂ ಓದಿ ನಿಯಮವನ್ನು ತಾನೇ ತಿದ್ದಿಕೊಳ್ಳಬೇಕು. ಹೀಗೆ.

ಸುದ್ದಿ ತಿಳಿದದ್ದೇ ತಡ, ಹೆಂಗಸರು ಸೆರಗು ಸಿಕ್ಕಿಸಿಕೊಂಡು ಚಾವಡಿಗೆ ಬಂದರು. ಒಬ್ಬರ ಮನೆಯ ಕೋಡ್ ಇನ್ನೊಬ್ಬರು ಓದುವುದೆಂದರೆ ಒಬ್ಬರ ಮಡಕೆಯ ಮುಚ್ಚಳ ಇನ್ನೊಬ್ಬರು ತೆಗೆದು ನೋಡಿದ ಹಾಗೆ. ಸಿದ್ದಮಲ್ಲಮ್ಮ ಎಲ್ಲರಿಗಿಂತ ಮುಂದೆ ನಿಂತು ಕೇಳಿದಳು: "ಅದ್ಯಾವ ಚಾಡಿಕೋರನಪ್ಪ ಅದು, ನಮ್ಮನೆ ಒಳಕ್ಕೆ ಇಣುಕೋದು?"

"ಮನುಷ್ಯರು ಯಾರೂ ಓದಲ್ಲಮ್ಮ. ಅದು ಬರೀ ಯಂತ್ರ," ಅಂದ ಶಂಭು.

"ಯಂತ್ರ ಆದ್ರೇನು, ಓದಿದ್ದನ್ನ ಬಂದು ಹೇಳ್ತದಲ್ಲ? ಹೇಳಿದ ಮೇಲೆ ಚಾಡೀನೇ!"

ಅವತ್ತಿನಿಂದ ಅದಕ್ಕೆ ಚಾಡಿಕೋರ ಎಂದೇ ಹೆಸರಾಯಿತು. ಕೊನೆಗೆ ರಾಚಪ್ಪ ನಡುವೆ ಬಂದು, ಅದು ಏನು ಬರೆಯುತ್ತದೋ ಅದನ್ನು ಊರ ಮುಂದೆ ಓದಿ ಹೇಳಬೇಕು, ಗುಟ್ಟಾಗಿ ಇಟ್ಟುಕೊಳ್ಳುವಂತಿಲ್ಲ ಎಂದು ತೀರ್ಮಾನ ಮಾಡಿದ. ಹೆಂಗಸರು ಒಪ್ಪಿದರು. ಪಕ್ಕದ ಮನೆಯದು ಗೊತ್ತಾಗುತ್ತದೆ ಎಂದರೆ ಯಾರು ಬೇಡ ಎನ್ನುತ್ತಾರೆ?

ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಂಭು ಎದ್ದು ನಿಂತು ಓದಿದ. "ಈ ಊರಿನ ಕೋಡಿನಲ್ಲಿ ಯಾವ ಲೆಕ್ಕವೂ ಸೊನ್ನೆಗೆ ಮುಗಿಯುವುದಿಲ್ಲ. ಹತ್ತು ಕೊಡ ಬೇಕಾದ ಕಡೆ ಹನ್ನೊಂದು ಎಂದು, ನೂರು ಬೇಕಾದ ಕಡೆ ನೂರೊಂದು ಎಂದು ಬರೆಯುತ್ತಾರೆ." ಎಲ್ಲರೂ ಮುಖ ಮುಖ ನೋಡಿಕೊಂಡರು. ಅದು ಬರೆದು ಹೇಳುವ ಸಂಗತಿ ಎಂದೇ ಯಾರಿಗೂ ಹೊಳೆದಿರಲಿಲ್ಲ. ಹಿಂದಿನಿಂದ ಯಾರೋ, "ಮದುವೆ ಮುಯ್ಯಿಗೆ ನೂರೊಂದು ಓದಿಸ್ತೀವಿ, ಹೊಳೆ ಹತ್ರ ನೂರು ಅಂದ್ರೆ ಏನಂದ್ಕೊಂಡಾತು?" ಅಂದರು.

"ಹೊಳೆಗೆ 'ಹೋಗು' ಎಂದು ಎಲ್ಲೂ ಹೇಳುವುದಿಲ್ಲ. 'ಹೋಗಿ ಬಾ' ಎಂದೇ ಹೇಳುತ್ತಾರೆ." ಶಂಭು ತನ್ನ ಕೋಡಿನಲ್ಲಿ ನೆಟ್ಟಗೆ 'ಹೋಗು' ಎಂದು ಬರೆದಿದ್ದ. ನನಗೆ ಮೊದಲ ಸಲ ನೋಡಿದಾಗಲೇ 'ಹಂಗಲ್ಲ' ಅನಿಸಿದ್ದು ಅದಕ್ಕೇ ಇರಬೇಕು.

"ಮನೆಯಲ್ಲಿ ಬಾಣಂತಿ ಇದ್ದಾಳೆಯೇ, ಕಾಯಿಲೆಯವರು ಮಲಗಿದ್ದಾರೆಯೇ ಎಂದು ಮೊದಲು ನೋಡದೆ ಹೊಳೆಯನ್ನು ಒಳಗೆ ಕರೆಯುವುದಿಲ್ಲ. ತೀರಿಕೊಂಡವರು ಬರೆದ ಸಾಲನ್ನು ಅಳಿಸುವುದಿಲ್ಲ. ಅದು ಈಗ ಕೆಲಸಕ್ಕೆ ಬಾರದಿದ್ದರೂ ಪಕ್ಕಕ್ಕೆ ಸರಿಸಿ, ಮೇಲೆ ಅವರ ಹೆಸರು ಬರೆದು ಇಟ್ಟುಕೊಳ್ಳುತ್ತಾರೆ." ಎಲ್ಲರ ಮನೆಯಲ್ಲೂ ಹಾಗೆ ಇಟ್ಟುಕೊಂಡಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಎಂದೇ ನಾನೂ ತಿಳಿದಿದ್ದೆ. ಸಿದ್ದಮಲ್ಲಮ್ಮ ಮೂಗು ಒರೆಸಿಕೊಂಡಳು.

ಶಂಭು ಇನ್ನೂ ಹತ್ತಾರು ನಿಯಮ ಓದಿ, ಆಮೇಲೆ ಇದನ್ನು ಓದಿದ: "ಮನೆಯ ಯಜಮಾನನನ್ನು ಕೋಡಿನಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲಾ ಮನೆಯಲ್ಲೂ ಆತನ ಬದಲು ಬರೆಯುವ ಗುರುತಿನ ಪದ, ಅಂದರೆ ವೇರಿಯಬಲ್ಲಿನ ಹೆಸರು, ಒಂದೇ: 'ಇವರು'."

ಚಾವಡಿಯ ಮಾಡು ಹಾರಿಹೋಗುವಂತೆ ನಗು. ರಾಚಪ್ಪ ಎದ್ದು ನಿಂತು ಕೈಮುಗಿದ. "ಹಂಗಾದ್ರೆ ಇಷ್ಟು ವರ್ಷದಿಂದ ಹೊಳೆ ಪಾಲಿಗೆ ಈ ಊರಲ್ಲಿ ಒಬ್ಬನೇ ಗಂಡಸು ಏನ್ರವ್ವಾ?"

"ಒಬ್ಬ ಇದ್ದಿದ್ರೂ ಸಾಕಾಗಿತ್ತು!" ಎಂದಳು ಸಿದ್ದಮಲ್ಲಮ್ಮ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಮನೆಯವರು, ಅದೇ, ನಮ್ಮ 'ಇವರು', ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಆ ಮಧ್ಯಾಹ್ನದಷ್ಟು ನಗು ನಮ್ಮೂರಲ್ಲಿ ಮದುವೆಗಳಲ್ಲೂ ಕೇಳಿದ್ದಿಲ್ಲ. ನಾವು ಇಷ್ಟು ಚೆನ್ನಾಗಿದ್ದೇವೆ ಎಂದು ನಮಗೇ ಯಾರೋ ಹೇಳಿದ ಹಾಗಿತ್ತು.

ಶಂಭು ಎಲ್ಲ ನಿಯಮಗಳನ್ನೂ ಹಿಡಿದು ತನ್ನ ಕೋಡನ್ನು ಮತ್ತೆ ಬರೆದ. ಹನ್ನೊಂದು ಕೊಡ, ಹೋಗಿ ಬಾ, ಎಲ್ಲ. ಹೊಂಬಾಳೆಗೆ ಇಟ್ಟ ವೇರಿಯಬಲ್ಲಿನ ಹೆಸರು 'ಇವಳು'. ಚಾಡಿಕೋರನ ಕೈಯಲ್ಲಿ ಓದಿಸಿದ. ಒಂದು ತಪ್ಪೂ ಇಲ್ಲ ಎಂದಿತು. ನಾನೂ ಓದಿದೆ. ಎಲ್ಲೂ "ಹಂಗಲ್ಲ" ಅನಿಸಲಿಲ್ಲ.

ಮಾರನೆಯ ಬೆಳಗ್ಗೆ ಮತ್ತೆ ಆರತಿ ಹಿಡಿದು ನಿಂತೆವು. ಹೊಳೆ ಬಂತು. ಈ ಸಲ ಹೊಸ್ತಿಲ ಮೇಲಿನ ಅರಿಸಿನ ಕರಗುವಷ್ಟು ಹತ್ತಿರ ಬಂತು. ಇನ್ನೇನು ಒಳಗೆ ಬಂದೇಬಿಟ್ಟಿತು ಎನ್ನುವಾಗ ನಿಂತು, ಹಿಂದೆ ಸರಿದು, ಗೋಡೆ ಬಳಸಿ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಂಬಾಳೆ ಆರತಿ ತಟ್ಟೆಯನ್ನು ಕೆಳಗಿಟ್ಟು ನಮ್ಮ ಮನೆಗೆ ನಡೆದಳು. ಹಿಂದೆಯೇ ಹೋದರೆ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿತು. ದೀಪಾವಳಿಗೆ ಇನ್ನು ಮೂರು ದಿನವಿತ್ತು.

ಶಂಭುವಿಗೆ ನನ್ನ ಮುಖ ನೋಡಲಾಗಲಿಲ್ಲವೇನೋ. ಹೋಗುವ ಮುಂಚೆ ಅತ್ತೆಗೆ ಏನಾದರೂ ಒಳ್ಳೆಯದು ಮಾಡಿಹೋಗೋಣ ಅನಿಸಿತಂತೆ ಪಾಪ. ಚಾಡಿಕೋರ ನಿಯಮಗಳ ಜೊತೆಗೆ ತಪ್ಪುಗಳನ್ನೂ ಹೆಕ್ಕಿ ಒಂದು ಕಡೆ ಗುಡ್ಡೆ ಹಾಕಿಟ್ಟಿತ್ತು. ಯಾರ ಮನೆಯ ಕೋಡಿನಲ್ಲಿ ಎಲ್ಲಿ ನಿಯಮ ತಪ್ಪಿದೆ, ತಿದ್ದಲೇ ಎಂದು ಕೇಳುತ್ತದೆ. ಹೂಂ ಎಂದರೆ ತಾನೇ ತಿದ್ದುತ್ತದೆ. ನಮ್ಮ ಮನೆಯ ಕೋಡಿನಲ್ಲಿ ಒಂದು ತಪ್ಪಿತ್ತು. ಶಂಭು ಹೂಂ ಅಂದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ.

ಮರುದಿನ ಚಾಪೆ ಸುತ್ತಿ, ಅಕ್ಕಿಮೂಟೆ ಎತ್ತಿಟ್ಟು, ಸೀರೆ ಮೇಲೆ ಕಟ್ಟಿ ನಿಂತಿದ್ದೇನೆ. ಹೊಳೆ ನಮ್ಮ ಹೊಸ್ತಿಲ ತನಕ ಬಂತು, ನಿಂತಿತು, ಗೋಡೆ ಬಳಸಿಕೊಂಡು ಸಿದ್ದಮಲ್ಲಮ್ಮನ ಮನೆಗೆ ಹೋಯಿತು.

ನನ್ನ ಮನೆಗೆ! ಸೊಸೆಯಾಗಿ ಬಂದಂದಿನಿಂದ ಒಂದು ದಿನ ತಪ್ಪಿಸದ ಹೊಳೆ! ನಾನು ಬೀದಿಗೆ ಬಂದು ಬಾಯಿ ಬಡಿದುಕೊಂಡೆ. ಶಂಭು ಓಡಿಬಂದ. ಬಿಳಿಚಿಕೊಂಡಿದ್ದ. "ಅತ್ತೆ, ನಿನ್ನೆ... ಒಂದು ಸಣ್ಣ ತಪ್ಪಿತ್ತು... ನಾನೇ ಸರಿಮಾಡಿಸಿದೆ," ಅಂದ.

"ಏನು ಸರಿಮಾಡಿದ್ಯೋ? ತೋರ್ಸು ಮೊದ್ಲು!" ಅಳಿಯಂದಿರು, ನೀವು, ತಾವು ಎಲ್ಲ ಆ ಸಿಟ್ಟಿನಲ್ಲಿ ಎಲ್ಲಿ ಹೋದವೋ.

ಚಾವಡಿಗೆ ಎಳೆದುಕೊಂಡು ಹೋದೆ. ಶಂಭು ತೆಗೆದು ತೋರಿಸಿದ. "ನೋಡಿ, ಎಲ್ಲ ಕಡೆ 'ಇವರು' ಅಂತ ಇದೆ, ಇದೊಂದು ಸಾಲಲ್ಲಿ ಮಾತ್ರ ಮಾವನ ಹೆಸರೇ ಇತ್ತು. ನೀವು ಮರೆತು ಬರೆದಿದ್ದೀರಿ ಅಂದ್ಕೊಂಡೆ."

ನಾನು ಬರೆದದ್ದಲ್ಲ ಅದು. ನಾನು ಅವರ ಹೆಸರು ಬರೆಯುತ್ತೇನೆಯೇ? ಆ ಹೆಸರೇನು ಎಂದು ಈಗಲೂ ನನ್ನ ಬಾಯಲ್ಲಿ ಹೇಳಿಸಬೇಡಿ. ನಾನು ಮೊದಲ ಸಲ ಕೋಡ್ ಬರೆದು ಮುಗಿಸಿದಾಗ ನಮ್ಮತ್ತೆ ಅವರೆಕಾಳಿನ ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈಯೊರೆಸಿಕೊಂಡು, "ಎಲ್ಲಿ, ಸರಿ ಇಲ್ಲಿ" ಎಂದು ಬಗ್ಗಿ, ಒಂದು ಸಾಲಿನಲ್ಲಿ 'ಇವರು' ತೆಗೆದು ತಮ್ಮ ಮಗನ ಹೆಸರು ಬರೆದಿದ್ದರು. ತಾಯಿ ಮಗನ ಹೆಸರು ಬರೆಯಬಹುದಲ್ಲ. ನಾನು ಏಕೆ ಎಂದು ಕೇಳಲಿಲ್ಲ. ಕೇಳುವುದೇನಿತ್ತು ಅದರಲ್ಲಿ?

"ಅಯ್ಯೋ ನಿನ್ನ! ಬೊಟ್ಟು ಅಳಿಸಿಬಿಟ್ಯಲ್ಲೋ!" ಎಂದೆ.

"ಯಾವ ಬೊಟ್ಟು ಅತ್ತೆ?"

"ದೃಷ್ಟಿಬೊಟ್ಟು ಕಣೋ! ಅಷ್ಟು ಚೆನ್ನಾಗಿ ಬರೆದಿದ್ದಕ್ಕೆ ಕಣ್ಣು ತಾಗದೆ ಇರಲಿ ಅಂತ ಒಂದು ಕಡೆ ಕೆಡಿಸಿರ್ತಾರೆ. ಮಗೂಗೆ ಕೆನ್ನೆ ಮೇಲೆ ಕಾಡಿಗೆ ಇಡಲ್ವಾ, ಹಂಗೆ."

ಸಿದ್ದಮಲ್ಲಮ್ಮ ಅಷ್ಟರಲ್ಲಿ ನಮ್ಮ ಹಿಂದೆಯೇ ಬಂದಿದ್ದಳು. ನಮ್ಮ ಮನೆಯ ಗಲಾಟೆ ಅವಳಿಗೆ ಬಿಟ್ಟರೆ ಸಿಕ್ಕದು. "ನಾನೂ ನಮ್ಮ ಸೊಸೆ ಬರೆದಿದ್ದಕ್ಕೆ ಇಟ್ಟಿದ್ದೀನಿ. ಹನ್ನೊಂದು ಇದ್ದದ್ದನ್ನ ಒಂದು ಕಡೆ ಹತ್ತು ಮಾಡಿದೆ. ಇಡದೇ ಇರ್ತಾರಾ?" ಅಂದಳು.

"ಮತ್ತೆ ಹೇಳ್ಬಾರ್ದಾ ಅಮ್ಮ! ಅಷ್ಟು ಕೇಳಿದ್ನಲ್ಲ ಎಲ್ಲರನ್ನೂ!" ಎಂದು ಶಂಭು ಹೆಚ್ಚುಕಡಿಮೆ ಅತ್ತೇಬಿಟ್ಟ.

"ನೀನು ನಿಯಮ ಕೇಳ್ದೆ. ಬೊಟ್ಟು ಕೇಳಿದ್ಯಾ?"

ಶಂಭು ಆ ತಪ್ಪಿನ ಗುಡ್ಡೆಯನ್ನು ತೆರೆದ. ಒಂದೊಂದೇ ನೋಡುತ್ತಾ ಹೋದ. ಒಬ್ಬರ ಮನೆಯಲ್ಲಿ ಬಾಣಂತಿಯನ್ನು ಕೇಳುವ ಮೊದಲೇ ಹೊಳೆಗೆ ಬಾ ಎಂದಿದೆ, ಒಬ್ಬರ ಮನೆಯಲ್ಲಿ ಸತ್ತ ಅಜ್ಜಿಯ ಸಾಲು ಪಕ್ಕಕ್ಕೆ ಸರಿಯದೆ ನಡುವೆಯೇ ಕೂತಿದೆ. ಪ್ರತಿ ಮನೆಗೂ ಒಂದು ತಪ್ಪು. ಒಂದಕ್ಕಿಂತ ಹೆಚ್ಚಿಲ್ಲ, ತಪ್ಪಿಲ್ಲದ ಮನೆಯೂ ಇಲ್ಲ, ಒಬ್ಬರದು ಇನ್ನೊಬ್ಬರಿಗೆ ಇಲ್ಲ. ಅವನು ಹಣೆ ಹಣೆ ಚಚ್ಚಿಕೊಂಡು ನಗತೊಡಗಿದ. "ಎಲ್ಲರೂ ಪಾಲಿಸೋ ನಿಯಮ ಇದೇ ಅತ್ತೆ! ಇದನ್ನೇ ಕಸ ಅಂತ ಮೂಲೆಗೆ ಹಾಕಿದ್ದೆ!"

ನಮ್ಮ ಮನೆಯದನ್ನು ಮೊದಲಿದ್ದ ಹಾಗೆಯೇ ಮಾಡಿಕೊಟ್ಟ. ಹಳೆಯದೆಲ್ಲ ಎಲ್ಲೋ ಉಳಿದಿರುತ್ತದಂತೆ, ಒಳ್ಳೆಯದಾಯಿತು. ಮಾರನೆಯ ದಿನ ಹೊಳೆ ಏನೂ ಆಗಿಲ್ಲದ ಹಾಗೆ ನಮ್ಮ ನಡುಮನೆಗೆ ಬಂತು. ನಾನು ನಾಲ್ಕು ಮಾತು ಬೈದೇ ಒಳಗೆ ಕರೆದುಕೊಂಡೆ. ಅದೇ ಹಿಗ್ಗಿನಲ್ಲಿ ಶಂಭು ತನ್ನ ಕೋಡಿನಲ್ಲಿ ತಾನೇ ಒಂದು ಕಡೆ ಕೆಡಿಸಿಟ್ಟಿದ್ದ. ಹೊಳೆ ಆ ಹೊಸ ಮನೆಯ ಹೊಸ್ತಿಲಿಗೆ ಬಂದು ಮತ್ತೆ ತಿರುಗಿ ಹೋಯಿತು. ತನ್ನ ಕೆನ್ನೆಗೆ ತಾನೇ ಬೊಟ್ಟಿಟ್ಟುಕೊಂಡರೆ ಅದು ದೃಷ್ಟಿಬೊಟ್ಟಾಗುತ್ತದೆಯೇ?

"ಅದನ್ನ ತಾಯಿ ಇಡಬೇಕು," ಎಂದ ರಾಚಪ್ಪ, ನಾವು ಚಾವಡಿಗೆ ಹೋದಾಗ ಮೆಲ್ಲಗೆ. "ಗಂಡನ ತಾಯಿ." ಶಂಭು ಪರದೆ ಆರಿಸಿ, ಚಾವಡಿಯ ಮೆಟ್ಟಿಲಿಳಿದು ಹೋದ. ಟ್ರಂಕಿಗೆ ಬೀಗ ಬಿದ್ದಾಗಿತ್ತು. ನಾಳೆ ಬೆಳಗಿನ ಬಸ್ಸು.

ಮನೆಗೆ ಬಂದು ಇವರ ಹತ್ತಿರ ಗೋಳಾಡಿದೆ. "ನಾನು ಇಟ್ರೆ ಆಗ್ತದೇನ್ರೀ? ಅಳಿಯನಿಗೆ ಅತ್ತೆ ಬೊಟ್ಟಿಟ್ಟದ್ದು ಎಲ್ಲಾದ್ರೂ ಉಂಟಾ? ನಾಳೆ ಊರೋರು ಏನಂತಾರೆ? ಹೊಳೆ ಏನಂತದೆ?"

ನಮ್ಮ ಮನೆಯವರು ಮಾತು ಕಡಿಮೆ. ಎಲೆ ಅಡಿಕೆ ಕಟ್ಟುತ್ತಾ ಕೂತಿದ್ದರು. "ನಮ್ಮವ್ವ ನಿನಗೆ ಇಟ್ಳಲ್ಲ. ನೀನೇನು ಅವಳ ಹೊಟ್ಟೇಲಿ ಹುಟ್ಟಿದ್ಯಾ?" ಅಂದರು.

ಅಷ್ಟೇ. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಶಂಭುವನ್ನು ಹುಡುಕಿಕೊಂಡು ಹೋದೆ. ಕಟ್ಟೆಯ ಮೇಲೆ ಕೂತಿದ್ದ. "ಏಳೋ," ಎಂದೆ, "ಆ ನಿನ್ನ ಚಾಡಿಕೋರನ್ನ ಕೇಳು, ಯಾವ ನಿಯಮ ಇನ್ನೂ ಯಾರೂ ಮುರಿದಿಲ್ಲ ಅಂತ. ಮುರಿದದ್ದನ್ನೇ ಮುರಿಯೋ ಹಂಗಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಚಾವಡಿಗೆ ಓಡಿದ. ಮುದುಕಿಯರಿಗೆ ಇಂಥದ್ದು ಯಾವುದು ಖಾಲಿ ಇದೆ ಎಂದು ನೆನಪಿಟ್ಟುಕೊಳ್ಳಲು ಆಗುತ್ತದೆಯೇ. ಚಾಡಿಕೋರ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹೇಳಿತು. ಊರಿನ ತಾಯಂದಿರೆಲ್ಲ ಸೇರಿ ಒಂದೊಂದಾಗಿ ಎಲ್ಲ ನಿಯಮವನ್ನೂ ಮುರಿದು ಕೂತಿದ್ದರು. ಉಳಿದದ್ದು ಒಂದೇ: 'ಹೋಗಿ ಬಾ'.

"ಬಿಡ್ತು ಅನ್ನು! ಅದನ್ನ ಮುಟ್ಬೇಡ ದೇವಮ್ಮಣ್ಣಿ," ಎಂದು ನನ್ನ ಕೈ ಹಿಡಿದಳು ಹಿಂದೆಯೇ ಬಂದಿದ್ದ ಸಿದ್ದಮಲ್ಲಮ್ಮ. "ಹೊಸ ಮನೇಲಿ ಹೊಳೆಗೆ ಹೋಗು ಅಂತೀಯಾ? ಅದಕ್ಕೇ ಯಾರೂ ಮುಟ್ಟಿಲ್ಲ."

ನಾನು ಕನ್ನಡಕ ಹಾಕಿಕೊಂಡು ಕೂತೆ. ಶಂಭು ಅದನ್ನು ಎರಡು ಕಡೆ ಬರೆದಿದ್ದ. ನಡುಮನೆಯ ಬಾಗಿಲಲ್ಲಿ ಒಂದು, ಹಿತ್ತಿಲ ಬಾಗಿಲಲ್ಲಿ ಒಂದು. ಹಿತ್ತಿಲದನ್ನು ಮುಟ್ಟಲಿಲ್ಲ. ನಡುಮನೆಯ ಬಾಗಿಲಲ್ಲಿದ್ದ 'ಹೋಗಿ ಬಾ' ಅಳಿಸಿದೆ. ಹೋಗು ಎನ್ನಲು ನನಗೆಲ್ಲಿ ಮನಸ್ಸು? ಎಷ್ಟೋ ದಿನದಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತೊಂದಿತ್ತು, ಅದನ್ನೇ ಒತ್ತಿದೆ: 'ಇರು'.

ಚಾಡಿಕೋರ ತಕ್ಷಣ ಕೆಂಪಗಾಯಿತು. ಇಲ್ಲೊಂದು ತಪ್ಪಿದೆ, ತಿದ್ದಲೇ ಎಂದು ಕೇಳಿತು. ಶಂಭು ಬೇಡ ಎಂದು ಒತ್ತಿದ.

ಮಾರನೆಯ ಬೆಳಗ್ಗೆ ನಾನು ಆರತಿ ಹಿಡಿಯಲಿಲ್ಲ, ಭಯ. ಹೊಂ‌ಬಾಳೆಯೂ ಶಂಭುವೂ ಖಾಲಿ ಮನೆಯೊಳಗೆ ಟ್ರಂಕು ಇಟ್ಟುಕೊಂಡು ನಿಂತಿದ್ದರು. ಹೊಳೆ ಬಾರದಿದ್ದರೆ ಅಲ್ಲಿಂದಲೇ ಬಸ್ಸಿಗೆ. ಹೊಳೆ ಬೀದಿಗೆ ಬಂತು. ಹೊಸ್ತಿಲಿಗೆ ಬಂತು. ನಿಂತಿತು. ಆಮೇಲೆ ಒಂದು ಸಲ ಮೈ ಎತ್ತಿ ಹೊಸ್ತಿಲು ದಾಟಿತು.

ಬೀದಿಯೆಲ್ಲ ಹೋ ಎಂದಿತು. ಹೊಂಬಾಳೆ ಮೊಣಕಾಲುದ್ದ ನೀರಿನಲ್ಲಿ ಕುಣಿಯುತ್ತಿದ್ದಳು. ಶಂಭು ಎರಡೂ ಕೈಯಲ್ಲಿ ನೀರು ಮೊಗೆದು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದ. ಅಡುಗೆಮನೆಯ ಹನ್ನೊಂದು ಕೊಡವೂ ತುಂಬಿತು. ಆದರೆ ಹೊಳೆ ಹೋಗಲಿಲ್ಲ! ನಡುಮನೆಯಲ್ಲೇ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಗೋಡೆಗೆ ಒರಗಿ ಕೂತುಬಿಟ್ಟಿತು. ಟ್ರಂಕು ತೇಲಿತು, ಬೀಗ ಹಾಕಿದ ಮುಚ್ಚಳದ ಸಂದಿಯಿಂದ ಬುಳುಬುಳು ನೀರು ತುಂಬಿಕೊಂಡು ಮುಳುಗಿತು. ಅಲ್ಲಿಂದ ಮುಂದಿನ ಬೀದಿಯವರಿಗೆಲ್ಲ ಅವತ್ತು ನೀರು ತಡ. ಅವರು ಗೊಣಗುತ್ತಲೇ ಕೊಡ ಹಿಡಿದು ಇಲ್ಲಿಗೇ ಬಂದರು, ಬಂದವರು ಹೊಸ ಮನೆ ನೋಡಿದರು, ಸುಣ್ಣ ಚೆನ್ನಾಗಿ ಬಂದಿದೆ ಎಂದರು, ಕಾಲು ನೀರಲ್ಲಿ ಇಳಿಬಿಟ್ಟು ಕಿಟಕಿಯ ಮೇಲೆ ಕೂತು ಹರಟಿದರು.

"ಅತ್ತೆ, ಇದು ಯಾವಾಗ ಹೋಗತ್ತೆ?" ಎಂದು ಶಂಭು ಒಳಗಿನಿಂದ ಕೂಗಿದ.

"ಮನಸ್ಸು ಬಂದಾಗ! ನಾನು ಇರು ಅಂದಿದ್ದು ಅದೊಂದಕ್ಕೇ ಅಂದ್ಕೊಂಡ್ಯಾ? ಟ್ರಂಕು ಬಿಚ್ಚು, ಬಟ್ಟೆ ಎಲ್ಲ ಒಣಹಾಕು. ಇನ್ನೆಲ್ಲಿಗೆ ಹೋಗ್ತೀಯ ಒದ್ದೆ ಬಟ್ಟೇಲಿ?" ಎಂದೆ.

ಬಿಸಿಲು ಏರಿದ ಮೇಲೆ ಹೊಳೆ ಎದ್ದು ಹಿತ್ತಿಲ ಬಾಗಿಲಿನಿಂದ ಹೋಗಿ ಬರುತ್ತೇನೆ ಎನ್ನುವ ಹಾಗೆ ಹೋಯಿತು. ಶಂಭು ಒದ್ದೆ ಅಂಗಿಯಲ್ಲೇ ಚಾವಡಿಗೆ ಹೋಗಿ ಚಾಡಿಕೋರನ ನಿಯಮಗಳ ಕೊನೆಗೆ ತಾನೇ ಒಂದು ಸಾಲು ಸೇರಿಸಿ ಬಂದ: ಎಲ್ಲ ನಿಯಮ ಪಾಲಿಸಿದ ಮೇಲೆ ಒಂದನ್ನು ಮುರಿಯಬೇಕು, ಯಾವುದನ್ನು ಎಂದು ನಿಮಗೆ ಒಳ್ಳೆಯದು ಬಯಸುವವರನ್ನು ಕೇಳಿ. ಯಂತ್ರ ಅದನ್ನು ಒಪ್ಪಿತೋ ಇಲ್ಲವೋ ನನಗೆ ತಿಳಿಯದು.

ನಾನು ಮಾತ್ರ ನಮ್ಮ ಒಲೆಯಿಂದ ಕೆಂಡ ತೆಗೆದುಕೊಂಡು ಮಗಳ ಮನೆಗೆ ಹೋದೆ. ಹೊಸ ಒಲೆ, ಒದ್ದೆ ನೆಲ, ಸಿದ್ದಮಲ್ಲಮ್ಮ ತಂದುಕೊಟ್ಟ ಒಣ ಸೌದೆ. ಹಾಲಿನ ಪಾತ್ರೆ ಇಟ್ಟು ಮೂವರೂ ಊದಿದೆವು. ಒಲೆ ಹತ್ತಿಕೊಂಡಿತು.

"ಅವ್ವಾ," ಎಂದ ಶಂಭು. ನಾನು ಹೊಂಬಾಳೆಯೇ ಕರೆದಳೆಂದು ಅವಳ ಕಡೆ ತಿರುಗಿದೆ. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಅವ್ವಾ, ಹೊಗೆ ಜಾಸ್ತಿ ಆಯ್ತಾ? ಕಣ್ಣಲ್ಲಿ ನೀರು ಬರ್ತಾ ಇದೆ ನಿಮಗೆ."

"ಎಂಥ ಹೊಗೆಯೂ ಇಲ್ಲ, ಅಳ್ತಾನೇ ಇದ್ದೀನಿ, ಏನೀಗ? ನನ್ನ ಮುಖ ಏನು ನೋಡ್ತೀಯೋ, ಹಾಲು ನೋಡು, ಉಕ್ತಾ ಇದೆ!"